ಐದನೆಯದು ದೈವ

(ಕಾರ್ತಿಕ ದೀಪೋತ್ಸವದ ಸಂಜೆ ನಮ್ಮೂರ ದೇವಸ್ಥಾನದ ಅಂಗಳದಲ್ಲಿ ಆಡಿದ ಮಾತುಗಳು ಇವು. ಅವತ್ತು ಬರಲಾಗದವರು ಕೆಲವರು ಕೇಳಿದ್ದರಿಂದ ಬರೆದಿಟ್ಟಿದ್ದೇನೆ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಈಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೀಪ ಹಚ್ಚಲು ಇನ್ನೂ ಮುಕ್ಕಾಲು ಗಂಟೆ ಇದೆ. ಅಲ್ಲಿ ಕೂತು ಹಣತೆಗೆ ಎಣ್ಣೆ ಹಾಕುತ್ತಿರುವವರು ಕೆಲಸ ನಿಲ್ಲಿಸಬೇಡಿ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದಕ್ಕೂ ಆ ಬತ್ತಿಗಳಿಗೂ ಸಂಬಂಧ ಇದೆ.

ನನಗೆ ಕೊಟ್ಟ ವಿಷಯ ದೇವರ ಮೇಲಿನ ಭರವಸೆ. ನಾನು ಪಂಡಿತಳಲ್ಲ. ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದು ಸಂಸಾರ ಮಾಡಿದವಳು. ವಾರಕ್ಕೊಮ್ಮೆ ಏಳೆಂಟು ಹೆಂಗಸರು ಸೇರಿ ಗೀತೆ ಓದುತ್ತೇವೆ, ಅಷ್ಟೇ. ಹಾಗಾಗಿ ದಿನಾ ಆಗುವ ಸಂಗತಿಗಳ ಬಗ್ಗೆಯೇ ಹೇಳುತ್ತೇನೆ. ಬೆಳಿಗ್ಗೆ ಎದ್ದು ಹೀಗೆ ಹೀಗೆ ಮಾಡಬೇಕು ಅಂದುಕೊಂಡಿರುತ್ತೇವೆ. ಹತ್ತು ಗಂಟೆಯೊಳಗೆ ಅದು ತಲೆಕೆಳಗಾಗಿರುತ್ತದೆ. ಕರೆಂಟ್ ಹೋಗುತ್ತದೆ. ಕೆಲಸದವರು ಬರುವುದಿಲ್ಲ. ಮಗುವಿಗೆ ಜ್ವರ ಬರುತ್ತದೆ. ಬಸ್ಸು ಕೈಕೊಡುತ್ತದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಆ ಹೊತ್ತಿನಲ್ಲಿ ನಮ್ಮ ನಂಬಿಕೆ ಎಲ್ಲಿ ಹೋಗಿರುತ್ತದೆ? ಇದು ನಾನು ನನಗೇ ಬಹಳ ಸಲ ಕೇಳಿಕೊಂಡ ಪ್ರಶ್ನೆ.

ನಮ್ಮ ಮಗಳ ನಿಶ್ಚಿತಾರ್ಥದ ದಿನದ ಕತೆ ಹೇಳುತ್ತೇನೆ. ಇಲ್ಲಿರುವ ಕೆಲವರು ಅವತ್ತು ಬಂದಿದ್ದಿರಿ.

ಶ್ರಾವಣ ಮಾಸ. ಹುಡುಗನ ಮನೆ ಉಡುಪಿ ಕಡೆ. ಮುಹೂರ್ತ ಬೆಳಿಗ್ಗೆ 10-40ಕ್ಕೆ. ಎರಡು ತಿಂಗಳಿಂದ ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದೆ. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಎಷ್ಟು ಬಾಳೆಎಲೆ, ಎಷ್ಟು ತೆಂಗಿನಕಾಯಿ, ಹೂವು ಎಷ್ಟು ಮಾರು, ಬಂದವರಿಗೆ ಮೊದಲು ಏನು ಕೊಡುವುದು, ಎಲ್ಲ. ಹುಡುಗನ ಜಾತಕ ಬಂದಾಗಲೇ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿಸಿದ್ದೆವು. ಬಲಕ್ಕೇ ಹೂವು ಬಿದ್ದಿತ್ತು. ಇನ್ನೇನು ಬೇಕು?

ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂತು. ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದೆ, ಸೋಮೇಶ್ವರದಲ್ಲಿ ನಿಂತಿದ್ದೇವೆ ಅಂದರು. ಆ ಘಾಟಿ ನಿಮಗೆಲ್ಲ ಗೊತ್ತು. 14 ತಿರುವು, ಒಂದೊಂದೂ ಮೊಣಕೈ ಮಡಚಿದ ಹಾಗೆ. ಮಳೆಗಾಲದಲ್ಲಿ ಅಲ್ಲಿ ಒಂದು ಮರ ಅಡ್ಡ ಬಿದ್ದರೆ ಕರಾವಳಿಗೂ ಮಲೆನಾಡಿಗೂ ಬಾಗಿಲು ಹಾಕಿದ ಹಾಗೆ. ಅರ್ಧ ಗಂಟೆಯಲ್ಲಿ ತೆಗೆಯುತ್ತಾರಂತೆ ಅಂದರು. ಒಂಬತ್ತಾಯಿತು. ಆ ಮರದ ಜೊತೆ ಧರೆಯೂ ಸ್ವಲ್ಪ ಕುಸಿದಿದೆ ಅಂತ ಗೊತ್ತಾಯಿತು. ಹತ್ತಾಯಿತು. ವಾಪಸ್ ತಿರುಗಿ ಹೆಬ್ರಿ, ಕಾರ್ಕಳ, ಮಾಳ ಘಾಟಿ, ಕೆರೆಕಟ್ಟೆ, ಶೃಂಗೇರಿ ಮೇಲೆ ಸುತ್ತಿ ಬರುತ್ತೇವೆ ಅಂತ ಹೊರಟರು. ಆಮೇಲೆ ಸಿಗ್ನಲ್ ಸಿಗಲಿಲ್ಲ.

ಅಡುಗೆ ಭಟ್ಟರು ಬಾಗಿಲಲ್ಲಿ ನಿಂತು, "ಅಕ್ಕಾ, ಅನ್ನಕ್ಕೆ ಇಡ್ಲಾ, ಬೇಡ್ವಾ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನೆಂಟರು ಜಗಲಿಯ ತುಂಬ ಕೂತಿದ್ದಾರೆ. ಮಗಳು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಒಳಕೋಣೆಯಲ್ಲಿ ಫೋನ್ ಹಿಡಿದು ಕೂತಿದ್ದಾಳೆ. ಯಾರೋ ಪಿಸುಮಾತಿನಲ್ಲಿ ಅಪಶಕುನ ಅಂದದ್ದು ನನ್ನ ಕಿವಿಗೆ ಬಿತ್ತು. ದೇವರ ಕೋಣೆಗೆ ಹೋಗಿ ನಿಂತು, "ನಿನ್ನನ್ನೇ ನಂಬಿದ್ದೆನಲ್ಲಪ್ಪಾ, ಹೀಗೆ ಮಾಡಿಬಿಟ್ಟೆಯಲ್ಲ" ಅಂತ ಅತ್ತೆ.

ಆ ಮಾತನ್ನು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ನಿನ್ನನ್ನೇ ನಂಬಿದ್ದೆ ಅಂದೆನಲ್ಲ, ನಾನು ನಂಬಿದ್ದು ಯಾರನ್ನು? ನನ್ನ ನೋಟ್‌ಬುಕ್ಕನ್ನು. 10-40ಕ್ಕೆ ಅಂತ ಅದರಲ್ಲಿ ಬರೆದಿತ್ತು. ದೇವರ ಹತ್ತಿರ ಅದಕ್ಕೊಂದು ರುಜು ಹಾಕಿಸಿಕೊಂಡಿದ್ದೇನೆ ಅಂದುಕೊಂಡಿದ್ದೆ. ಗಾಡಿ ಬರಲಿಲ್ಲ ಅಂದಾಗ, ರುಜು ಹಾಕಿ ಮಾತು ತಪ್ಪಿದೆ ಅಂತ ಅವನ ಮೇಲೆ ಜಗಳಕ್ಕೆ ಹೋದೆ.

ದೇವರ ಕೋಣೆಯಿಂದ ಹೊರಗೆ ಬಂದರೆ ನಮ್ಮತ್ತೆ ಕಂಡರು. ಆಗ ಅವರಿಗೆ ಎಂಬತ್ತು ದಾಟಿತ್ತು. ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ಬತ್ತಿ ಹೊಸೆಯುತ್ತಾ ಕೂತಿದ್ದರು. ಹಿತ್ತಿಲಿನ ಹತ್ತಿ ಗಿಡದ ಅರಳೆ ಅದು, ಒಂದು ಬಿದಿರಿನ ಬುಟ್ಟಿಯಲ್ಲಿತ್ತು. ಅರಳೆಯಿಂದ ಬೀಜ ಬಿಡಿಸಬೇಕು. ಬೆರಳಲ್ಲಿ ಹಿಂಜಿ ತೆಳ್ಳಗೆ ಹರಡಬೇಕು. ನಡುವಿಗೆ ಮಡಚಿ, ತುದಿಗೆ ಒಂಚೂರು ವಿಭೂತಿ ಮುಟ್ಟಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಸುತ್ತು ತಿರುಗಿಸಬೇಕು. ಹೂಬತ್ತಿ ಆಯಿತು. ಕಣ್ಣು ಮಂಜಾಗಿದ್ದರೂ ಅವರ ಬೆರಳಿಗೆ ಅದು ಗೊತ್ತಿತ್ತು.

"ಬಾರೇ, ಕೂತ್ಕೋ. ಇದರ ಬೀಜ ಬಿಡಿಸು" ಅಂದರು.

"ಅತ್ತೆ, ಈಗ ಬತ್ತಿ ಹೊಸೆಯೋ ಹೊತ್ತಾ?" ಅಂದೆ. ನನ್ನ ಮಾತು ಸ್ವಲ್ಪ ಜೋರಾಗಿಯೇ ಬಂತು.

"ಮಾಡೋದೆಲ್ಲ ಮಾಡಿ ಆಗಿದೆಯಲ್ಲ. ಮರ ತೆಗೆಯೋದು ನಿನ್ನ ಕೈಲಾಗೋದಿಲ್ಲ. ಸಂಜೆ ದೀಪಕ್ಕೆ ಬತ್ತಿ ಬೇಕು. ಅದು ನಮ್ಮ ಕೈಲಿದೆ."

ನಾನು ಕೂತೆ. ಕೂತ ಮೇಲೆ ಅಪಶಕುನದ ಮಾತು ಎತ್ತಿದೆ. ಪ್ರಸಾದ ಬಲಕ್ಕೆ ಆಗಿತ್ತಲ್ಲ, ಹಾಗಿದ್ದೂ ಯಾಕೆ ಹೀಗೆ ಅಂದೆ. ಅತ್ತೆ ಕೈ ನಿಲ್ಲಿಸದೆ, "ನಾವು ಕೇಳಿದ್ದು ಹುಡುಗನ ಬಗ್ಗೆ. ಮರದ ಬಗ್ಗೆ ಕೇಳಿರಲಿಲ್ಲ" ಅಂದರು. ಆಮೇಲೆ ಭಟ್ಟರನ್ನು ಕರೆದು, ಇದ್ದವರಿಗೆ ಹನ್ನೆರಡೂವರೆಗೆ ಎಲೆ ಹಾಕಿ, ಬರುವವರಿಗೆ ಅಕ್ಕಿ ತೊಳೆದಿಟ್ಟುಕೊಂಡಿರಿ ಅಂದರು. ನಾನು ಎರಡು ಗಂಟೆ ಒದ್ದಾಡಿದ ಪ್ರಶ್ನೆ ಒಂದು ಮಾತಿನಲ್ಲಿ ಮುಗಿಯಿತು.

ಗಂಡಿನ ಕಡೆಯವರು ಬಂದಾಗ ಮೂರು ಗಂಟೆ ದಾಟಿತ್ತು. ಮಕ್ಕಳಿಗೆ ಘಾಟಿಯಲ್ಲಿ ವಾಂತಿ. ಎಲ್ಲರ ಮುಖ ಬಾಡಿತ್ತು. ಪುರೋಹಿತರು ಗೋಧೂಳಿಗೆ ಇಟ್ಟುಕೊಳ್ಳೋಣ ಅಂದರು. ದನ ಮನೆಗೆ ಬರುವ ಆ ಹೊತ್ತಿಗೆ ಬೇರೆ ಮುಹೂರ್ತ ನೋಡುವ ಅಗತ್ಯ ಇಲ್ಲ ಅಂತ ನಮ್ಮಲ್ಲಿ ಮೊದಲಿಂದಲೂ ನಂಬಿಕೆ ಇದೆ. ತಾಂಬೂಲ ಬದಲಾಯಿಸುವಾಗ ಕರೆಂಟೂ ಇರಲಿಲ್ಲ. ಮಧ್ಯಾಹ್ನ ಹೊಸೆದ ಬತ್ತಿಗಳ ಬೆಳಕಿನಲ್ಲೇ ಆಯಿತು.

ಇಂಥ ಕತೆ ಹೇಳಿದಾಗ ಜನ ಮುಂದಕ್ಕೆ ಇನ್ನೊಂದು ತಿರುವು ಕಾಯುತ್ತಾರೆ. ತಡ ಆದದ್ದೇ ಒಳ್ಳೆಯದಾಯಿತು, ಬೇಗ ಹೊರಟಿದ್ದರೆ ಆ ಮರ ಗಾಡಿಯ ಮೇಲೇ ಬೀಳುತ್ತಿತ್ತು, ದೇವರು ಕಾಪಾಡಿದ, ಅಂತ. ನನ್ನ ಹತ್ತಿರ ಅಂಥ ತಿರುವು ಇಲ್ಲ. ಮರ ಬಿದ್ದದ್ದು ನಡುರಾತ್ರಿ. ಹಾಲು ಪಾಯಸ ಕೆಟ್ಟಿತು, ಚೆಲ್ಲಿದೆವು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ದೊಡ್ಡಣ್ಣ ಮರುದಿನ ಕೆಲಸಕ್ಕೆ ಹಾಜರಾಗಲೇಬೇಕಿತ್ತು. ಎರಡು ಗಂಟೆಯ ಬಸ್ಸಿಗೆ ಹೊರಟುಹೋದ. ಎತ್ತಿ ಆಡಿಸಿದ ಸೋದರಸೊಸೆಯ ನಿಶ್ಚಿತಾರ್ಥ ಅವನು ನೋಡಲಿಲ್ಲ. ಆ ಬೇಸರ ಇವತ್ತಿಗೂ ನನಗಿದೆ. ಅದರಿಂದ ಯಾವ ಒಳ್ಳೆಯದೂ ಹುಟ್ಟಿದ್ದು ನನಗೆ ಕಂಡಿಲ್ಲ. ಹುಟ್ಟಲೇಬೇಕು ಅಂತ ನಾನು ದೇವರನ್ನು ಕೇಳುವುದೂ ಇಲ್ಲ.

ಈಗ ಗೀತೆಯ ಒಂದು ಶ್ಲೋಕ. ಎಲ್ಲರಿಗೂ ಬಾಯಿಗೆ ಬರುವುದು ಎರಡನೇ ಅಧ್ಯಾಯದ "ಕರ್ಮಣ್ಯೇವಾಧಿಕಾರಸ್ತೇ". ನಾನು ಹೇಳುವುದು ಕೊನೆಯ ಅಧ್ಯಾಯದ್ದು, 18ನೆಯದರ 14ನೇ ಶ್ಲೋಕ.

ಅಧಿಷ್ಠಾನಂ ತಥಾ ಕರ್ತಾ ಕರಣಂ ಚ ಪೃಥಗ್ವಿಧಮ್ |
ವಿವಿಧಾಶ್ಚ ಪೃಥಕ್ಚೇಷ್ಟಾ ದೈವಂ ಚೈವಾತ್ರ ಪಂಚಮಮ್ ||

ಯಾವ ಕೆಲಸ ಆಗಬೇಕಾದರೂ ಐದು ಸೇರಬೇಕು ಅಂತ ಕೃಷ್ಣ ಹೇಳುತ್ತಾನೆ. ನಿಲ್ಲಲು ಒಂದು ನೆಲೆ. ಮಾಡುವವನು. ಸಾಧನಗಳು. ಬೇರೆ ಬೇರೆ ಪ್ರಯತ್ನಗಳು. ಐದನೆಯದು ದೈವ. ಈ ಐದನೆಯದಕ್ಕೆ ಆಚಾರ್ಯರು ಬೇರೆ ಬೇರೆ ಅರ್ಥ ಹೇಳಿದ್ದಾರೆ. ಕಣ್ಣಿಗೆ ಸೂರ್ಯ ಇದ್ದ ಹಾಗೆ ಇಂದ್ರಿಯಗಳಿಗೆ ಬಲ ಕೊಡುವ ದೇವತೆಗಳು ಅಂತ ಶಂಕರರು. ಒಳಗಿದ್ದು ನಡೆಸುವ ಪರಮಾತ್ಮ ಅಂತ ರಾಮಾನುಜರು. ಆ ಚರ್ಚೆಗೆ ಹೋಗುವಷ್ಟು ನಾನು ಓದಿಲ್ಲ. ನನ್ನ ಮನಸ್ಸು ನಿಲ್ಲುವುದು 'ಪಂಚಮಮ್' ಅನ್ನುವ ಮಾತಿನ ಮೇಲೆ. ದೈವಕ್ಕಿಂತ ಮೊದಲು ನಾಲ್ಕು ಇವೆ. ಆ ನಾಲ್ಕನ್ನು ಬಿಟ್ಟು, ಎಲ್ಲ ದೇವರೇ ನೋಡಿಕೊಳ್ಳುತ್ತಾನೆ ಅಂತ ಕೂರುವ ಹಾಗಿಲ್ಲ. ನಾಲ್ಕನ್ನೂ ಸರಿಯಾಗಿ ಮಾಡಿದ್ದೇನೆ, ಇನ್ನು ಆಗಲೇಬೇಕು ಅನ್ನುವ ಹಾಗೂ ಇಲ್ಲ. ಐದನೆಯದು ಬಾಕಿ ಇರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕೇ ಇದ್ದವು.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಎಷ್ಟೋ ಮೊದಲೇ ತೋಟದಲ್ಲಿ ನೋಡಿದ್ದೆ. ಅಡಿಕೆಯವರಿಗೆ ಕೊಳೆ ರೋಗದ ಬಗ್ಗೆ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಪೇಟೆಯಿಂದ ಬಂದ ಸೊಸೆಯಂದಿರೂ ಇದ್ದೀರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೋರು ಮಳೆಗಾಲದಲ್ಲಿ, ಎಡೆಬಿಡದೆ ಹೊಯ್ಯುವಾಗ, ಎಳೆ ಅಡಿಕೆ ಕೊನೆಯಲ್ಲೇ, ಅಂದರೆ ಗೊನೆಯಲ್ಲೇ, ಕೊಳೆತು ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ. ಒಂದು ಕೊನೆಗೆ ಹಿಡಿದರೆ ಮಳೆ ಗಾಳಿಯ ಜೊತೆ ಪಕ್ಕದ ಮರಕ್ಕೆ ದಾಟುತ್ತದೆ. ಹಿಂದೆ ಇದಕ್ಕೆ ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲಿನಲ್ಲಿ ಟೊಪ್ಪಿಯ ಹಾಗೆ ಹೆಣೆದು ಒಂದೊಂದು ಮರ ಹತ್ತಿ ಒಂದೊಂದು ಕೊನೆಗೆ ಮುಚ್ಚುವುದು. ಯೋಚನೆ ಮಾಡಿ, ಅದೆಷ್ಟು ಕೆಲಸ! ದೇವರ ಮೇಲೆ ಭಾರ ಹಾಕಿ ಬದುಕಿದವರು ಅಂತ ನಾವು ಹೇಳುವ ಆ ಹಿರಿಯರು ಹುಲ್ಲಿನ ಟೊಪ್ಪಿ ಹೆಣೆಯುವುದನ್ನು ಬಿಟ್ಟಿರಲಿಲ್ಲ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಬೆನ್ನು ಹತ್ತಿದರು. 1910ರಲ್ಲಿ ಅದರ ಬಗ್ಗೆ ವರದಿಯನ್ನೂ ಬರೆದರು. ಬೋರ್ಡೋ ದ್ರಾವಣ ಹೊಡೆಯುವ ಕ್ರಮ ನಮ್ಮ ತೋಟಗಳಿಗೆ ಬಂದದ್ದು ಅವರಿಂದ.

ಅದನ್ನು ಕೂಡಿಸುವುದು ನೋಡಲು ಚೆಂದ. ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಆಮೇಲೆ ಎರಡನ್ನೂ ಕೂಡಿಸಿ ಕಡಗೋಲಿನಂಥ ಕೋಲಿನಲ್ಲಿ ತಿರುಗಿಸುತ್ತಿದ್ದರೆ ಶರತ್ಕಾಲದ ಆಕಾಶದ ಬಣ್ಣ ಬರುತ್ತದೆ. ಹದ ಬಂತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದುವುದು. ಅಲಗಿನ ಮೇಲೆ ಕೆಂಪು ಕಂಡರೆ ತಾಮ್ರ ಜಾಸ್ತಿ, ಇನ್ನೂ ಸುಣ್ಣ ಹಾಕಬೇಕು. ನಮ್ಮ ಯಜಮಾನರು ಒಂದೊಂದು ಡ್ರಮ್ಮಿಗೂ ಕತ್ತಿ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವಸರ ಮಾಡಿದ್ದು ನಾನು ಕಂಡಿಲ್ಲ.

ನನಗೆ ಮದುವೆಯಾಗಿ ಎಂಟನೇ ವರ್ಷ. ಮಳೆ ಹಿಡಿಯುವ ಮೊದಲೇ ಒಂದು ಸಲ ಔಷಧಿ ಹೊಡೆಸಿ ಆಗಿತ್ತು. ಎರಡನೆಯದು 40-45 ದಿನಕ್ಕೆ ಆಗಬೇಕು. ತುತ್ತ, ಸುಣ್ಣ ತಂದಿಟ್ಟಿದ್ದರು. ಮರ ಹತ್ತುವವರಿಗೆ ಮುಂಗಡ ಕೊಟ್ಟಿದ್ದರು. ನೆಲೆ ಇತ್ತು, ಮಾಡುವವರು ಇದ್ದರು, ಸಾಧನ ಇತ್ತು, ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ಮಳೆ ಹೊಳವಾಗಲಿಲ್ಲ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಮೂರು ವಾರ. ಹಸಿ ಮರಕ್ಕೆ ಯಾರು ಹತ್ತುತ್ತಾರೆ? ಹತ್ತಿಸಿದರೂ ಹೊಡೆದ ಔಷಧಿ ತೊಳೆದುಹೋಗುತ್ತದೆ. ಪ್ರತಿ ಬೆಳಿಗ್ಗೆ ಯಜಮಾನರು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಕೊನೆಗೊಂದು ದಿನ ತೋಟಕ್ಕೆ ಹೋದವರು ಒಂದು ಹೆಡಿಗೆ ಹಸಿರು ಕಾಯಿ ಹೊತ್ತು ತಂದು ಅಂಗಳದಲ್ಲಿ ಸುರಿದರು. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಆ ವರ್ಷದ ಫಸಲಿನ ಮೇಲೆ ಮನೆಯ ಮಾಡಿಗೆ ಹೊಸ ಹೆಂಚು ಹಾಕಿಸುವುದಿತ್ತು. ನನ್ನ ಮೈದುನನ ಕಾಲೇಜಿನ ಫೀಸು ಇತ್ತು. ಸಹಕಾರಿ ಸಂಘದ ಸಾಲದ ಕಂತು ಇತ್ತು. ಮೂರರಲ್ಲಿ ಒಂದು ಪಾಲಿನ ಬೆಳೆಯೂ ಉಳಿಯಲಿಲ್ಲ.

ಆಗ ಮನೆಗೆ ಬಂದವರು ಏನೇನು ಹೇಳಿದರು ಅಂತ ಹೇಳಬೇಕು, ಯಾಕೆಂದರೆ ನಾವೂ ಬೇರೆಯವರ ಮನೆಗೆ ಹೋದಾಗ ಅದನ್ನೇ ಹೇಳುತ್ತೇವೆ. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಅಂದರು. ನಾಗನಿಗೆ ಏನಾದರೂ ಬಾಕಿ ಇದೆಯೋ ನೋಡಿಸಿ ಅಂದರು. ಯಾವ ಜನ್ಮದ್ದೋ ಅಂದರು. ಆಗುವುದೆಲ್ಲ ಒಳ್ಳೆಯದಕ್ಕೆ ಅಂದರು. ಒಬ್ಬರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಮಾತು ಕೇಳುತ್ತಾ ಕೇಳುತ್ತಾ ಯಜಮಾನರು ಇನ್ನೂ ಕುಗ್ಗಿದರು. ಬೆಳೆ ಹೋದದ್ದು ಸಾಲದು ಅಂತ, ತಪ್ಪೂ ತನ್ನದೇ ಅಂತ ಹೊರಬೇಕಾಯಿತು.

"ಆದದ್ದೆಲ್ಲಾ ಒಳಿತೇ ಆಯಿತು" ಅಂತ ಪುರಂದರದಾಸರು ಹಾಡಿದ್ದಾರೆ, ನಿಜ. ನಾನೂ ದಿನಾ ಹೇಳಿಕೊಳ್ಳುವ ಹಾಡು ಅದು. ಅದನ್ನು ಗಮನವಿಟ್ಟು ಹಾಡಿ ನೋಡಿ. ದಂಡಿಗೆ ಬೆತ್ತ ಹಿಡಿಯಲು ನಾಚುತ್ತಿದ್ದೆ, ಹೆಂಡತಿ ಹಿಡಿಸಿದಳು ಅಂತ ದಾಸರು ತಮ್ಮ ಕತೆಯನ್ನೇ ಹೇಳಿಕೊಳ್ಳುತ್ತಾರೆ. ಎಲ್ಲ ಬಿಟ್ಟು ಹೊರಟವರು, ಹಿಂದಿರುಗಿ ನೋಡಿ, ತಮ್ಮ ಬಾಯಿಂದ ತಾವೇ ಅಂದ ಮಾತು ಅದು. ಪಕ್ಕದ ಮನೆಯವನ ಬೆಳೆ ಕೊಳೆತಾಗ ಜಗಲಿಗೆ ಹೋಗಿ ಕೂತು ಅವನಿಗೆ ಹೇಳಲಿಲ್ಲ. ನಮ್ಮ ಕಷ್ಟಕ್ಕೆ ನಾವು ಹೇಳಿಕೊಂಡರೆ ಅದು ಭಕ್ತಿ. ಇನ್ನೊಬ್ಬರ ಕಷ್ಟಕ್ಕೆ ನಾವು ಹೇಳಿದರೆ ಅವರ ಗಾಯಕ್ಕೆ ಕೈ ಹಾಕಿದ ಹಾಗೆ. ದಯವಿಟ್ಟು, ಅಕ್ಕಂದಿರೇ, ತಂಗಿಯರೇ, ಇದೊಂದನ್ನು ಬಿಟ್ಟುಬಿಡೋಣ. ಹೋದಾಗ ಒಂದು ಸೇರು ಅಕ್ಕಿಯೋ ಬೆಲ್ಲವೋ ಕೊಂಡುಹೋಗೋಣ. ದನಕ್ಕೆ ಹುಲ್ಲು ಹಾಕಿ ಬರೋಣ. ಆ ವರ್ಷ ನಮ್ಮ ಮನೆಗೆ ಬಂದು ಏನೂ ಮಾತಾಡದೆ ಉದುರಿದ ಕಾಯಿ ಹೆಕ್ಕಿಕೊಟ್ಟು ಹೋದ ಒಬ್ಬ ಹೆಂಗಸು ಇದ್ದಾಳೆ. ಅವಳು ಇಲ್ಲೇ ಕೂತಿದ್ದಾಳೆ, ಹೆಸರು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ.

ಉದುರಿದ ಕಾಯಿಯನ್ನು ಹೆಕ್ಕಿ ತೆಗೆಯಲೇಬೇಕಲ್ವಾ? ಬಿಟ್ಟರೆ ರೋಗ ತೋಟದಲ್ಲೇ ಉಳಿಯುತ್ತದೆ. ಬೆಳೆ ಹೋದ ಮೇಲೂ ಆ ಕೆಲಸ ಇರುತ್ತದೆ. ಮರುವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಕೊಟ್ಟಿಗೆಯಿಂದ ಬರುತ್ತಿದ್ದೆ. ಯಜಮಾನರು ಬಾವಿಕಟ್ಟೆಯ ಹತ್ತಿರ ಸುಣ್ಣ ನೆನೆಹಾಕುತ್ತಿದ್ದರು. ಪಕ್ಕದಲ್ಲಿ ತುತ್ತದ ನೀಲಿ ಹರಳು ಗೋಣಿಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟಿದ್ದರು. ಕತ್ತಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ ಇಟ್ಟುಕೊಂಡಿದ್ದರು. ಹೋದ ವರ್ಷ ಹಾಗಾಗಿತ್ತು, ಈ ವರ್ಷ ಏನಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೆ ಭರವಸೆ ಅಂದರೆ ಕಣ್ಣಿಗೆ ಬರುವುದು ಆ ಚಿತ್ರ. ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತ ಚಿತ್ರಕ್ಕಿಂತ ಮೊದಲು ಅದು ಬರುತ್ತದೆ.

ಒಂಬತ್ತನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. "ಯೋಗಕ್ಷೇಮಂ ವಹಾಮ್ಯಹಮ್." ಗೀತೆ ಓದದವರೂ ಇದನ್ನು ನೋಡಿರುತ್ತೀರಿ. 1956ರಲ್ಲಿ ಶುರುವಾದ ಜೀವ ವಿಮಾ ನಿಗಮ ಇದನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿದೆ. ಎಲ್‌ಐಸಿ ಬಾಂಡಿನ ಮೇಲೆ ಒಂದು ದೀಪ, ಅದಕ್ಕೆ ಅಡ್ಡ ಹಿಡಿದ ಎರಡು ಕೈ, ಕೆಳಗೆ ಈ ಸಾಲು. ಯೋಗ ಅಂದರೆ ಇಲ್ಲದ್ದು ಸಿಗುವುದು, ಕ್ಷೇಮ ಅಂದರೆ ಇದ್ದದ್ದು ಉಳಿಯುವುದು. ಎರಡರ ಭಾರವನ್ನೂ ನಾನು ಹೊರುತ್ತೇನೆ ಅಂತ ಭಗವಂತ ಹೇಳುತ್ತಾನೆ. ವಹಾಮಿ ಅಂದರೆ ಹೊರುತ್ತೇನೆ. ಹೊರೆ ಹೊತ್ತವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ಬೆಟ್ಟದಿಂದ ಸೊಪ್ಪಿನ ಹೊರೆ ತರುವಾಗ ಜೊತೆಯವರು ಸ್ವಲ್ಪ ದೂರ ನಾನು ಹೊರುತ್ತೇನೆ ಕೊಡು ಅಂದರೆ ದಾರಿ ಕಡಿಮೆಯಾಗುವುದಿಲ್ಲ. ಏರು ಏರಾಗಿಯೇ ಇರುತ್ತದೆ. ಆದರೂ ಉಸಿರು ಬರುತ್ತದೆ. ಕೊಳೆ ಬಂದ ಆ ವರ್ಷ ನಮ್ಮ ಮಾಡಿಗೆ ಹೆಂಚು ಬರಲಿಲ್ಲ, ಸೋರಿದ ಕಡೆ ಪಾತ್ರೆ ಇಟ್ಟು ಇನ್ನೊಂದು ಮಳೆಗಾಲ ಕಳೆದೆವು. ಮೈದುನ ಒಂದು ವರ್ಷ ಕಾಲೇಜು ಬಿಟ್ಟು ಆಮೇಲೆ ಸೇರಿದ. ಹೇಗೆ ಕಳೆಯಿತು ಅಂತ ಈಗ ಲೆಕ್ಕ ಹಾಕಿದರೆ ಕೂಡುವುದಿಲ್ಲ, ಎಲ್ಲೋ ಒಂದಿಷ್ಟು ಭಾರ ಬೇರೆಯವರು ಹೊತ್ತಿದ್ದಾರೆ. ಸಂಘದ ಗುಮಾಸ್ತರು ಕಂತಿಗೆ ಸಮಯ ಕೊಡಿಸಿದರು. ನನ್ನ ತವರಿನಿಂದ ಎರಡು ಚೀಲ ಅಕ್ಕಿ ಬಂತು. ಅದು ಅವನು ಹೊತ್ತದ್ದು ಅಂತ ನಾನು ನಂಬಿದ್ದೇನೆ.

ಇನ್ನೊಂದು ಸಣ್ಣ ವಿಷಯ. ನಾವು ಪೂಜೆ ಮುಗಿಸುವಾಗ ಕೊನೆಗೆ ಏನು ಹೇಳುತ್ತೇವೆ? "ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ." ಮಂತ್ರದಲ್ಲಿ ತಪ್ಪಿರಬಹುದು, ಮಾಡುವುದರಲ್ಲಿ ತಪ್ಪಿರಬಹುದು, ಭಕ್ತಿಯೇ ಸಾಲದೆ ಹೋಗಿರಬಹುದು, ನಾನು ಮಾಡಿದ್ದನ್ನು ನೀನೇ ಪೂರ್ತಿ ಮಾಡಿಕೋ ಅಂತ. ಎಷ್ಟು ಚೆನ್ನಾಗಿ ಪೂಜೆ ಮಾಡಿದ ದಿನವೂ ಇದನ್ನು ಹೇಳುತ್ತೇವೆ. ಸರಿಯಾಗಿಲ್ಲ ಅನ್ನುವುದಕ್ಕೆ ನಮ್ಮ ಹಿರಿಯರು ಪೂಜೆಯೊಳಗೇ ಒಂದು ಜಾಗ ಇಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ಇದನ್ನು ಬಾಯಿಪಾಠ ಹೇಳುತ್ತಿದ್ದೆ. ಈಗ ಅಡುಗೆ ಸೀದಾಗ, ಹೇಳಿದ ಹೊತ್ತಿಗೆ ಹೋಗಲಾಗದೇ ಇದ್ದಾಗ, ಮೊಮ್ಮಗಳ ವಿಡಿಯೋ ಕರೆ ಬರುತ್ತದೆ ಅಂತ ಕಾದು ಕಾದು ನೆಟ್‌ವರ್ಕ್ ಇಲ್ಲದೆ ಮಲಗಿದಾಗಲೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಪರಿಪೂರ್ಣಂ ತದಸ್ತು ಮೇ. ನನ್ನಿಂದಾದದ್ದು ಇಷ್ಟು, ಉಳಿದದ್ದು ನಿನ್ನದು.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

(ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಬ್ಬ ಹುಡುಗಿ ಕೇಳಿದಳು: "ಆಂಟಿ, ದೇವರ ಮೇಲೆ ಸಿಟ್ಟು ಬಂದರೆ? ನಂಗೆ ತುಂಬಾ ಬರುತ್ತೆ. ಅದು ತಪ್ಪಾ?")

ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲಮ್ಮಾ. ಆ ಕೊಳೆಯ ವರ್ಷದ್ದೇ ಒಂದು ವಿಷಯ ಹೇಳುತ್ತೇನೆ, ಅದನ್ನು ಆಗ ಹೇಳಲಿಲ್ಲ.

ಅಂಗಳದಲ್ಲಿ ಕಾಯಿ ಸುರಿದ ದಿನದಿಂದ ನಮ್ಮ ಯಜಮಾನರು ದೇವರ ಕೋಣೆಗೆ ಹೋಗುವುದು ಬಿಟ್ಟರು. ಆಗ ಪೂಜೆ ಮಾಡುತ್ತಿದ್ದವರು ಮಾವನವರು. ಪೂಜೆಯಾದ ಮೇಲೆ ಎಲ್ಲರೂ ತೀರ್ಥ ತೆಗೆದುಕೊಳ್ಳುವಾಗ ಇವರು ತೋಟದ ಕಡೆ ಹೋಗಿಬಿಡುತ್ತಿದ್ದರು. ಸ್ನಾನ ಮಾಡುತ್ತಿದ್ದರು, ಊಟ ಮಾಡುತ್ತಿದ್ದರು, ಆ ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಮಾವನವರು ನೋಡಿಯೂ ನೋಡದ ಹಾಗಿದ್ದರು. ನನಗೆ ಹೆದರಿಕೆ. ನೀವು ಹೇಳಿ ಅಂತ ಅತ್ತೆಯ ಹಿಂದೆ ಬಿದ್ದೆ.

ಅತ್ತೆ ಹೇಳಲಿಲ್ಲ. ಒಂದು ಸಣ್ಣ ಹಿತ್ತಾಳೆ ಲೋಟ ತೆಗೆದುಕೊಂಡರು. ಅದರಲ್ಲಿ ಒಂದು ಉದ್ಧರಣೆ ತೀರ್ಥ, ಒಂದು ತುಳಸಿ ಎಲೆ. ಅದನ್ನು ತೋಟಕ್ಕೆ ಹೋಗುವ ಹಿಂದಿನ ಬಾಗಿಲಿನ ಪಕ್ಕದ ಗೂಡಿನಲ್ಲಿ ಇಟ್ಟು, ಮೇಲೊಂದು ಮುಚ್ಚಳ ಮುಚ್ಚಿದರು. ಸಂಜೆ ಅದನ್ನು ತುಳಸಿ ಗಿಡಕ್ಕೆ ಹಾಕಿದರು. ಮರುದಿನ ಮತ್ತೆ ಇಟ್ಟರು. ಸಂಜೆ ಮತ್ತೆ ಗಿಡಕ್ಕೆ ಹಾಕಿದರು. ಎಷ್ಟು ದಿನ ಹೀಗೆ ನಡೆಯಿತು ಅಂತ ನಾನು ಎಣಿಸಲಿಲ್ಲ. ಚೌತಿ ಕಳೆಯಿತು, ನವರಾತ್ರಿಯೂ ಕಳೆಯಿತು.

ದೀಪಾವಳಿ ಹತ್ತಿರ ಬಂದಾಗ ಒಂದು ಸಂಜೆ ಅತ್ತೆ ಗೂಡಿಗೆ ಕೈ ಹಾಕಿ ಮುಚ್ಚಳ ತೆಗೆದರು. ಲೋಟ ಖಾಲಿ ಇತ್ತು. ತುಳಸಿ ಎಲೆಯೂ ಇರಲಿಲ್ಲ. ಅವರು ಅದನ್ನು ಬಾವಿಕಟ್ಟೆಗೆ ಕೊಂಡುಹೋಗಿ ಬೂದಿ ಹಾಕಿ ಬೆಳಗಿದರು, ಸೆರಗಿನಲ್ಲಿ ಒರೆಸಿದರು, ಮರುದಿನದ ತೀರ್ಥಕ್ಕೆ ಅಂತ ದೇವರ ಕೋಣೆಯ ಬಾಗಿಲಲ್ಲಿ ಬೋರಲು ಹಾಕಿದರು.